ಶೆಲ್ಟರ್‌ನಿಂದ ಬೆಕ್ಕು ದತ್ತು ತರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ರಕ್ಷಿಸಿದ ಬೆಕ್ಕನ್ನು ಮನೆಗೆ ತರಬೇಕು ಅಂದುಕೊಂಡವರ ಅನುಮಾನಗಳು ಹೆಚ್ಚು ಕಡಿಮೆ ಒಂದೇ ತರ ಇರುತ್ತವೆ. ಅವುಗಳಿಗೆ ಉತ್ತರ ಇಲ್ಲಿದೆ. ಬಹಳಷ್ಟು ತೊಂದರೆ ಹುಟ್ಟುವುದು ಮೊದಲ ಕೆಲವು ವಾರಗಳಲ್ಲಿ ನಾವು ಮಾಡುವ ಅವಸರದಿಂದ. ಹಾಗಾಗಿ ಆ ಭಾಗವನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಬರೆದಿದ್ದೇನೆ.

ಮರಿ ತರುವುದು ಒಳ್ಳೆಯದಾ, ದೊಡ್ಡ ಬೆಕ್ಕಾ?

ಎಲ್ಲರ ಕಣ್ಣು ಮೊದಲು ಹೋಗುವುದು ಮರಿಗಳ ಮೇಲೆ. ಆದರೆ ಮೊದಲ ಸಲ ಬೆಕ್ಕು ಸಾಕುವವರಿಗೆ ಎರಡು ವರ್ಷ ದಾಟಿದ ಬೆಕ್ಕೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಮರಿಯ ಸ್ವಭಾವ ಮುಂದೆ ಹೇಗಾಗುತ್ತದೆ ಅಂತ ಯಾರೂ ಹೇಳಲಾರರು. ದೊಡ್ಡ ಬೆಕ್ಕಿನ ಸ್ವಭಾವ ಆಗಲೇ ಗೊತ್ತಾಗಿರುತ್ತದೆ. ಮಡಿಲಿಗೆ ಬಂದು ಕೂರುತ್ತದಾ, ದೂರದಿಂದ ನೋಡುತ್ತದಾ, ಬೇರೆ ಬೆಕ್ಕುಗಳ ಜೊತೆ ಹೊಂದಿಕೊಳ್ಳುತ್ತದಾ ಅನ್ನುವುದನ್ನು ಅದನ್ನು ದಿನವೂ ನೋಡಿಕೊಳ್ಳುವವರು ಹೇಳಬಲ್ಲರು.

ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಊಟ ಬೇಕು, ಸಾಲಾಗಿ ಲಸಿಕೆ ಹಾಕಿಸಬೇಕು, ಆಟವಂತೂ ಮುಗಿಯುವುದೇ ಇಲ್ಲ. ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲ ಎಂದರೆ ಒಂಟಿ ಮರಿ ತರಬೇಡಿ. ಒಟ್ಟಿಗೆ ಬೆಳೆದ ಎರಡು ಮರಿಗಳನ್ನು ತಂದರೆ ಒಂದಕ್ಕೊಂದು ಜೊತೆಯಾಗುತ್ತವೆ. ಕಚ್ಚಿ ಆಡುವ ಆಸೆಯನ್ನೂ ನಿಮ್ಮ ಕೈ ಮೇಲೆ ತೀರಿಸಿಕೊಳ್ಳದೆ ತಮ್ಮತಮ್ಮಲ್ಲೇ ತೀರಿಸಿಕೊಳ್ಳುತ್ತವೆ. 8 ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬೇರೆ ಮಾಡಬಾರದು.

ವಯಸ್ಸಾದ ಬೆಕ್ಕುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಮನೆಯೊಳಗೇ ಇರುವ ಬೆಕ್ಕು 15 ವರ್ಷ ಬದುಕುವುದು ಅಪರೂಪವೇನಲ್ಲ. ಹತ್ತು ವರ್ಷದ ಬೆಕ್ಕಿಗೆ ಇನ್ನೂ ಸಾಕಷ್ಟು ಆಯಸ್ಸಿರುತ್ತದೆ. ಸಾಕಿದವರು ತೀರಿಕೊಂಡೋ, ಮನೆ ಬದಲಿಸಿದ್ದರಿಂದಲೋ ಶೆಲ್ಟರ್ ಸೇರಿದ ಇಂಥ ಬೆಕ್ಕುಗಳನ್ನು ಕೇಳುವವರು ಕಡಿಮೆ. ನಿಮ್ಮದು ಗದ್ದಲವಿಲ್ಲದ ಮನೆಯಾಗಿದ್ದರೆ ದಯವಿಟ್ಟು ಅವನ್ನೂ ಒಮ್ಮೆ ನೋಡಿ ಬನ್ನಿ.

ಅಷ್ಟೊಂದು ಬೆಕ್ಕುಗಳಲ್ಲಿ ಒಂದನ್ನು ಆರಿಸುವುದು ಹೇಗೆ?

ಬಣ್ಣ ನೋಡಿ ಆರಿಸಬೇಡಿ. ಮೂರು ಬಣ್ಣದ ಬೆಕ್ಕು ಬಹುತೇಕ ಹೆಣ್ಣೇ ಆಗಿರುತ್ತದೆ, ಕಿತ್ತಳೆ ಬಣ್ಣದವುಗಳಲ್ಲಿ ಗಂಡು ಜಾಸ್ತಿ. ಕಿತ್ತಳೆ ಬಣ್ಣ ಕೊಡುವ ಜೀನ್ ಎಕ್ಸ್ ಕ್ರೋಮೋಸೋಮ್‌ನಲ್ಲಿ ಇರುವುದೇ ಇದಕ್ಕೆ ಕಾರಣ. ಬಣ್ಣ ಹೇಳುವುದು ಇಷ್ಟೇ. ಬೆಕ್ಕು ಎಷ್ಟು ಪ್ರೀತಿಯಿಂದ ಇರುತ್ತದೆ ಅನ್ನುವುದು ಮೈ ಬಣ್ಣದಿಂದ ಗೊತ್ತಾಗುವುದಿಲ್ಲ.

ಗೂಡಿನ ಮುಂದೆ ಸುಮ್ನೆ ಕೂತುಕೊಳ್ಳಿ. ದಿಟ್ಟಿಸಿ ನೋಡಬೇಡಿ, ಬೆಕ್ಕಿಗೆ ಅದು ಬೆದರಿಕೆ. ಕಣ್ಣನ್ನು ನಿಧಾನವಾಗಿ ಅರೆ ಮುಚ್ಚಿ ತೆರೆಯಿರಿ. ಹೀಗೆ ಮಾಡಿದ ಮನುಷ್ಯರ ಹತ್ತಿರ ಬೆಕ್ಕುಗಳು ಬರುವುದು ಜಾಸ್ತಿ ಎಂದು 2020ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿದ್ದಾರೆ. ಒಂದು ಬೆರಳನ್ನು ಮೂಗಿನ ಮಟ್ಟಕ್ಕೆ ಚಾಚಿ. ಮೂಸಿ ಕೆನ್ನೆ ಉಜ್ಜಿದರೆ ಒಪ್ಪಿಗೆ ಸಿಕ್ಕಿತು ಎಂದೇ ಅರ್ಥ.

ಮೂಲೆಯಲ್ಲಿ ಮುದುರಿ ಕೂತ ಬೆಕ್ಕನ್ನು ಅಲ್ಲೇ ಕೈಬಿಡಬೇಡಿ. ಶೆಲ್ಟರ್ ಅಂದರೆ ಬೇರೆ ಪ್ರಾಣಿಗಳ ವಾಸನೆ, ನಾಯಿ ಬೊಗಳುವ ಸದ್ದು, ಅಡಗಲು ಜಾಗವಿಲ್ಲದ ಗೂಡು. ಅಲ್ಲಿ ಮಂಕಾಗಿದ್ದ ಬೆಕ್ಕು ಮನೆಗೆ ಬಂದ ಮೇಲೆ ಬೇರೆಯೇ ಆಗಬಹುದು. ಆದರೆ ಮನುಷ್ಯರ ಒಡನಾಟವೇ ಇಲ್ಲದೆ ಬೆಳೆದ ದೊಡ್ಡ ಬೆಕ್ಕಿನ ವಿಷಯ ಬೇರೆ. ಮನುಷ್ಯರನ್ನು ನಂಬುವುದನ್ನು ಮರಿಗಳು ಮುಖ್ಯವಾಗಿ ಎರಡರಿಂದ ಏಳನೇ ವಾರದೊಳಗೆ ಕಲಿಯುತ್ತವೆ. ಆ ಕಾಲ ದಾಟಿದ ಕಾಡು ಸ್ವಭಾವದ ಬೆಕ್ಕಿಗೆ ಮನೆಯ ನಾಲ್ಕು ಗೋಡೆ ಹಿಂಸೆಯಾಗಬಹುದು. ಇದು ಬರೀ ಹೆದರಿದ ಬೆಕ್ಕಾ, ಕಾಡು ಸ್ವಭಾವದ್ದಾ ಅಂತ ಅಲ್ಲಿನವರನ್ನೇ ಕೇಳಿ.

ಶೆಲ್ಟರ್‌ನವರ ಹತ್ತಿರ ಏನೇನು ಕೇಳಿ ತಿಳಿದುಕೊಳ್ಳಬೇಕು?

ಬೆಕ್ಕು ಎಲ್ಲಿಂದ ಬಂತು, ಇಲ್ಲಿಗೆ ಬಂದು ಎಷ್ಟು ದಿನವಾಯಿತು, ಮೊದಲು ಮನೆಯಲ್ಲಿತ್ತಾ? ಮಕ್ಕಳು, ನಾಯಿ, ಬೇರೆ ಬೆಕ್ಕುಗಳ ಜೊತೆ ಹೇಗಿರುತ್ತದೆ? ಯಾವ ಲಸಿಕೆ ಯಾವ ದಿನ ಹಾಕಿದ್ದಾರೆ, ಜಂತುಹುಳುವಿನ ಔಷಧಿ ಕೊಟ್ಟಿದ್ದಾರಾ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯಾ? ಚರ್ಮದ ಕೆಳಗೆ ಹಾಕುವ ಗುರುತಿನ ಮೈಕ್ರೋಚಿಪ್ ಇದೆಯಾ? ಇದ್ದರೆ ಅದರ ನೋಂದಣಿಯನ್ನು ನಿಮ್ಮ ಹೆಸರಿಗೆ ಬದಲಿಸಿಕೊಳ್ಳುವುದನ್ನು ಮರೆಯಬೇಡಿ. ಚಿಪ್ ಬೆಕ್ಕು ಎಲ್ಲಿದೆ ಎಂದು ಹೇಳುವುದಿಲ್ಲ. ಅದರಲ್ಲಿ ಇರುವುದು ಒಂದು ಸಂಖ್ಯೆ ಮಾತ್ರ. ಕಳೆದುಹೋದ ಬೆಕ್ಕು ಸಿಕ್ಕಾಗ ಯಾರಾದರೂ ಸ್ಕ್ಯಾನ್ ಮಾಡಿದರೆ, ಆ ಸಂಖ್ಯೆಯ ಎದುರು ನಿಮ್ಮ ಫೋನ್ ನಂಬರ್ ಇರಬೇಕು.

ಈಗ ಅದು ತಿನ್ನುತ್ತಿರುವ ಆಹಾರ ಯಾವುದು, ಬಳಸುತ್ತಿರುವ ಲಿಟರ್ (ಮಲಮೂತ್ರ ಮಾಡಲು ಬಾಕ್ಸ್‌ನಲ್ಲಿ ಹಾಕಿಡುವ ಮರಳಿನಂಥ ವಸ್ತು) ಯಾವುದು ಅಂತಲೂ ಕೇಳಿ. ಮೊದಲ ಒಂದೆರಡು ವಾರ ಅದನ್ನೇ ಮುಂದುವರಿಸಬೇಕು.

ಅವರು ನಮಗೇ ಅಷ್ಟೊಂದು ಪ್ರಶ್ನೆ ಕೇಳುತ್ತಾರಲ್ಲ, ಯಾಕೆ?

ಬೇಸರ ಮಾಡಿಕೊಳ್ಳಬೇಡಿ. ಆ ಬೆಕ್ಕು ಒಮ್ಮೆ ಮನೆ ಕಳೆದುಕೊಂಡಿದೆ, ಮತ್ತೊಮ್ಮೆ ಹಾಗಾಗಬಾರದು ಅನ್ನುವುದೇ ಅವರ ಕಾಳಜಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಇದೆಯಾ, ಮನೆಯವರೆಲ್ಲ ಒಪ್ಪಿದ್ದಾರಾ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿಯೇ ಕೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಎಫ್‌ಐವಿ ಇರುವ ಬೆಕ್ಕನ್ನು ತರಬಹುದಾ?

ಖಂಡಿತ ತರಬಹುದು. ಎಫ್‌ಐವಿ ಬೆಕ್ಕಿನ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ವೈರಸ್. ಮನುಷ್ಯರಿಗೆ ಹರಡುವುದಿಲ್ಲ. ಬೆಕ್ಕಿನಿಂದ ಬೆಕ್ಕಿಗೆ ಮುಖ್ಯವಾಗಿ ಆಳವಾದ ಕಚ್ಚುಗಾಯದಿಂದ ಹರಡುತ್ತದೆ. ಜಗಳವಾಡದ ಬೆಕ್ಕುಗಳ ನಡುವೆ ಅಪಾಯ ಕಡಿಮೆ. ಮನೆಯೊಳಗೇ ಇಟ್ಟು, ಆಗಾಗ ಪಶುವೈದ್ಯರಿಗೆ ತೋರಿಸುತ್ತಿದ್ದರೆ ಇಂಥ ಬೆಕ್ಕು ವರ್ಷಗಟ್ಟಲೆ ಚೆನ್ನಾಗಿರುತ್ತದೆ. ಆರು ತಿಂಗಳೊಳಗಿನ ಮರಿಯ ಪರೀಕ್ಷೆ ಪಾಸಿಟಿವ್ ಬಂದರೆ ಅದನ್ನೇ ನಂಬಬೇಡಿ. ತಾಯಿಯಿಂದ ಬಂದ ಪ್ರತಿಕಾಯಗಳಿಂದಲೂ ಹಾಗೆ ತೋರಿಸಬಹುದು, ಆಮೇಲೆ ಮತ್ತೆ ಪರೀಕ್ಷೆ ಮಾಡಿಸಬೇಕು.

ಬೆಕ್ಕುಗಳಿಗೆ ರಕ್ತದ ಕ್ಯಾನ್ಸರ್ ತರಬಲ್ಲ ಫೆಲೈನ್ ಲ್ಯುಕೇಮಿಯಾ ವೈರಸ್ ಇದಕ್ಕಿಂತ ಗಂಭೀರ. ಅದು ಜೊಲ್ಲಿನಿಂದ, ಒಂದನ್ನೊಂದು ನೆಕ್ಕುವುದರಿಂದ, ಒಂದೇ ಬಟ್ಟಲಲ್ಲಿ ತಿನ್ನುವುದರಿಂದ ಹರಡುತ್ತದೆ. ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಈ ಪರೀಕ್ಷೆ ಆಗದೆ ಹೊಸ ಬೆಕ್ಕನ್ನು ಬೆರೆಸಬೇಡಿ.

ತರುವ ಮೊದಲು ಮನೆಯಲ್ಲಿ ಏನು ಸಿದ್ಧ ಮಾಡಬೇಕು?

ಒಂದು ಕೋಣೆ. ಇದೇ ಎಲ್ಲಕ್ಕಿಂತ ಮುಖ್ಯ. ಇಡೀ ಮನೆಯನ್ನು ಮೊದಲ ದಿನವೇ ತೆರೆದಿಟ್ಟರೆ ಬೆಕ್ಕಿಗೆ ಖುಷಿಯಾಗುವುದಿಲ್ಲ, ಗಾಬರಿಯಾಗುತ್ತದೆ. ಬಾಗಿಲು ಹಾಕಬಹುದಾದ ಸಣ್ಣ ಕೋಣೆಯ ಒಂದು ಮೂಲೆಯಲ್ಲಿ ಲಿಟರ್ ಬಾಕ್ಸ್ ಇಡಿ. ಅದರಿಂದ ದೂರದ ಮೂಲೆಯಲ್ಲಿ ಊಟ, ನೀರು. ಅಡಗಿಕೊಳ್ಳಲು ಪಕ್ಕ ಕತ್ತರಿಸಿದ ರಟ್ಟಿನ ಡಬ್ಬ ಸಾಕು. ದುಬಾರಿ ಹಾಸಿಗೆ ಬೇಡ. ಎತ್ತರದಲ್ಲಿ ಕೂರಲು ಒಂದು ಜಾಗ, ಉಗುರು ಕೆರೆಯಲು ಒಂದು ಕಂಬ, ಸಾಗಿಸಲು ಗಟ್ಟಿಯಾದ ಕ್ಯಾರಿಯರ್ ಇರಲಿ.

ಕಿಟಕಿಗಳಿಗೆ ಜಾಲರಿ ಇದೆಯಾ ನೋಡಿ. ಎತ್ತರದಿಂದ ಬಿದ್ದರೂ ಬೆಕ್ಕಿಗೆ ಏನೂ ಆಗುವುದಿಲ್ಲ ಅನ್ನುವುದು ಸುಳ್ಳು. ಕಾಲ ಮೇಲೆ ಬಿದ್ದರೂ ದವಡೆ, ಎದೆ, ಕಾಲಿನ ಮೂಳೆಗಳಿಗೆ ದೊಡ್ಡ ಪೆಟ್ಟಾಗುತ್ತದೆ. ಹಕ್ಕಿ ಕಂಡರೆ ಎತ್ತರದ ಪರಿವೆಯಿಲ್ಲದೆ ಹಾರುತ್ತವೆ.

ಮನೆಗೆ ಬಂದಾಗಿನಿಂದ ಮಂಚದ ಕೆಳಗೇ ಇದೆ. ಏನು ಮಾಡಲಿ?

ಏನೂ ಮಾಡಬೇಡಿ. ಕೈ ಹಾಕಿ ಎಳೆಯಬೇಡಿ, ಟಾರ್ಚ್ ಬಿಡಬೇಡಿ, ನೆಂಟರನ್ನು ಕರೆದು ತೋರಿಸಬೇಡಿ. ಅಡಗುವುದು ಬೆಕ್ಕು ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವ ದಾರಿ. ಅದನ್ನು ಕಿತ್ತುಕೊಂಡರೆ ಭಯ ಬೆಳೆಯುತ್ತದೆ.

ಬೆಕ್ಕು ಸಾಕುವವರಲ್ಲಿ ಒಂದು ಅಂದಾಜು ಚಾಲ್ತಿಯಲ್ಲಿದೆ: ಗಾಬರಿ ಇಳಿಯಲು 3 ದಿನ, ಮನೆಯ ಕ್ರಮ ಅರ್ಥವಾಗಲು 3 ವಾರ, ಇದು ನನ್ನ ಮನೆ ಎಂದು ಅನಿಸಲು 3 ತಿಂಗಳು. ಇದು ನಿಯಮವಲ್ಲ. ಕೆಲವು ಬೆಕ್ಕು ಮೊದಲ ಸಂಜೆಯೇ ಸೋಫಾ ಮೇಲೆ ಮಲಗುತ್ತದೆ. ಇನ್ನು ಕೆಲವಕ್ಕೆ ವರ್ಷವೇ ಬೇಕಾಗುತ್ತದೆ. ಆದರೆ ಮೂರನೇ ದಿನಕ್ಕೇ ನಿರಾಶರಾಗುವವರಿಗೆ ಈ ಲೆಕ್ಕ ಒಳ್ಳೆಯ ಕಡಿವಾಣ.

ಹಾಗಂತ ಕೋಣೆಗೆ ಹೋಗುವುದನ್ನೇ ಬಿಡಬೇಡಿ. ದಿನಕ್ಕೆ ಕೆಲವು ಸಲ ಹೋಗಿ ನೆಲದ ಮೇಲೆ ಕೂತು ನಿಮ್ಮ ಪಾಡಿಗೆ ಓದಿ, ಅಥವಾ ಮೆಲುದನಿಯಲ್ಲಿ ಮಾತಾಡಿ. ಬೆಕ್ಕಿನ ಕಡೆ ಅರ್ಧ ಬೆನ್ನು ಹಾಕಿ ಕೂತರೆ ಅದಕ್ಕೆ ಧೈರ್ಯ ಬರುತ್ತದೆ. ಊಟವನ್ನು ದಿನವೂ ಅದೇ ಹೊತ್ತಿಗೆ ನೀವೇ ಇಡಿ. ಊಟ, ನಿಮ್ಮ ವಾಸನೆ, ನಿಮ್ಮ ದನಿ ಈ ಮೂರೂ ಅದರ ಮನಸ್ಸಿನಲ್ಲಿ ಒಂದಾಗಬೇಕು. ಬೆಕ್ಕು ತಾನಾಗಿ ಹತ್ತಿರ ಬಂದಾಗ ಗಲ್ಲದ ಕೆಳಗೆ, ಕೆನ್ನೆಯ ಮೇಲೆ ಮೆಲ್ಲಗೆ ಸವರಿ, ಆಮೇಲೆ ಕೈ ತೆಗೆಯಿರಿ. ಇನ್ನೂ ಬೇಕು ಅಂದರೆ ಅದೇ ತಲೆ ತಂದು ಉಜ್ಜುತ್ತದೆ. ಹೊಟ್ಟೆ ಮುಟ್ಟಬೇಡಿ. ಹೊಟ್ಟೆ ತೋರಿಸಿ ಮಲಗುವುದು ನಂಬಿಕೆಯ ಗುರುತು, ಮುಟ್ಟಿ ಎನ್ನುವ ಕರೆಯಲ್ಲ.

ಬಾಲದ ತುದಿ ಪಟಪಟ ಬಡಿಯುವುದು, ಕಿವಿ ಹಿಂದಕ್ಕೆ ಹೋಗುವುದು, ಬೆನ್ನ ಚರ್ಮ ಅದುರುವುದು ಕಂಡರೆ ನಿಲ್ಲಿಸಿ. ಹಠಾತ್ತನೆ ಕಚ್ಚಿಬಿಟ್ಟಿತು ಎನ್ನುವ ಮಾತು ಬಹಳ ಸಲ ನಿಜವಲ್ಲ. ಅದು ಮೊದಲೇ ಹೇಳಿರುತ್ತದೆ, ನಾವು ನೋಡಿರುವುದಿಲ್ಲ.

ಮನೆಯಲ್ಲಿ ಮಕ್ಕಳಿದ್ದರೆ ಅವರಿಗೂ ಇದನ್ನೇ ಕಲಿಸಿ. ಬೆಕ್ಕು ಬರುವವರೆಗೆ ಕಾಯುವುದು ಮಕ್ಕಳಿಗೆ ಕಷ್ಟ. ಆದರೆ ಕಾದ ಮಗುವಿನ ಹತ್ತಿರ ಬೆಕ್ಕು ತಾನಾಗಿ ಬಂದು ಕೂತಾಗ ಆ ಮಗುವಿನ ಮುಖ ನೋಡಬೇಕು.

ಏನೂ ತಿನ್ನುತ್ತಿಲ್ಲ. ಎಷ್ಟು ದಿನ ಕಾಯಬಹುದು?

ಇದರಲ್ಲಿ ಮಾತ್ರ ತಾಳ್ಮೆ ಬೇಡ. ಮೊದಲ ದಿನ ಹೆಚ್ಚು ತಿನ್ನದಿದ್ದರೆ ಗಾಬರಿ ಇಲ್ಲ. ರಾತ್ರಿ ಮನೆ ನಿಶ್ಶಬ್ದವಾದ ಮೇಲೆ ಬಂದು ತಿನ್ನಬಹುದು, ಬೆಳಿಗ್ಗೆ ಬಟ್ಟಲು ನೋಡಿ. 24 ಗಂಟೆ ದಾಟಿಯೂ ಒಂದು ತುತ್ತೂ ಮುಟ್ಟದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ. ಎರಡು ದಿನ ಆಗಲು ಬಿಡಬೇಡಿ. ಊಟ ಬಿಟ್ಟ ಬೆಕ್ಕಿನ ದೇಹ ಕೊಬ್ಬನ್ನು ಕರಗಿಸಿ ಯಕೃತ್ತಿಗೆ ಕಳಿಸುತ್ತದೆ. ಯಕೃತ್ತಿಗೆ ಅದನ್ನು ನಿಭಾಯಿಸಲು ಆಗದೆ ಕೆಲಸ ನಿಲ್ಲುತ್ತಾ ಬರುತ್ತದೆ. ದಪ್ಪ ಬೆಕ್ಕುಗಳಿಗೆ ಈ ಅಪಾಯ ಜಾಸ್ತಿ. ಮರಿಗಳಾದರೆ ಇಷ್ಟು ಹೊತ್ತೂ ಕಾಯಬಾರದು.

ಒದ್ದೆ ಆಹಾರವನ್ನು ಸ್ವಲ್ಪ ಬೆಚ್ಚಗೆ ಮಾಡಿ ಇಡಿ. ಬೆಕ್ಕು ಊಟವನ್ನು ಒಪ್ಪುವುದು ವಾಸನೆಯಿಂದ. ಮೂಗು ಕಟ್ಟಿದ್ದರೆ ತಿನ್ನುವುದಿಲ್ಲ. ಶೆಲ್ಟರ್‌ನಿಂದ ಬಂದ ಬೆಕ್ಕು ಸೀನುವುದು, ಕಣ್ಣಲ್ಲಿ ನೀರು ಬರುವುದು ಸಾಮಾನ್ಯ. ಬೆಕ್ಕುಗಳ ಹರ್ಪಿಸ್ ವೈರಸ್ ಒಮ್ಮೆ ಬಂದರೆ ಮೈಯಲ್ಲೇ ಉಳಿದು, ಆತಂಕದ ಹೊತ್ತಿನಲ್ಲಿ ಮತ್ತೆ ತಲೆ ಎತ್ತುತ್ತದೆ. ಮನೆ ಬದಲಾಗುವುದು ಅಂಥದ್ದೇ ಹೊತ್ತು, ಅಲ್ವಾ? ಸೀನಿನ ಜೊತೆ ಊಟವೂ ನಿಂತರೆ ವೈದ್ಯರ ಹತ್ತಿರ ಹೋಗಿ.

ಹಾಲು ಕೊಡಬಹುದಾ? ನಮ್ಮದು ಸಸ್ಯಾಹಾರಿ ಮನೆ, ಬೆಕ್ಕೂ ಹಾಗೇ ಇರಬಹುದಾ?

ಹಾಲು ಬೇಡ. ದೊಡ್ಡ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆ ಜೀರ್ಣಿಸುವ ಕಿಣ್ವ ಬಹಳ ಕಡಿಮೆ. ಇಷ್ಟಪಟ್ಟು ಕುಡಿಯುತ್ತದೆ, ಆಮೇಲೆ ಭೇದಿಯಾಗುತ್ತದೆ. ಕುಡಿಯಲು ನೀರೇ ಸಾಕು.

ಬೆಕ್ಕು ಮಾಂಸಾಹಾರಿ. ಅಭ್ಯಾಸದಿಂದಲ್ಲ, ದೇಹದ ರಚನೆಯಿಂದಲೇ. ಟಾರಿನ್ ಎಂಬ ಪೋಷಕಾಂಶವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ಮಾಂಸ ಮೀನಿನಿಂದಲೇ ಪಡೆಯಬೇಕು. ಟಾರಿನ್ ಕಡಿಮೆಯಾದರೆ ಕಣ್ಣಿನ ರೆಟಿನಾ ಹಾಳಾಗುತ್ತದೆ, ಹೃದಯ ದುರ್ಬಲವಾಗುತ್ತದೆ. ಹೃದಯದ ಈ ನಂಟು ಗೊತ್ತಾಗಿದ್ದು 1987ರಲ್ಲಿ. ಆಮೇಲೆ ಬೆಕ್ಕಿನ ಆಹಾರ ತಯಾರಿಸುವವರು ಟಾರಿನ್ ಹೆಚ್ಚಿಸಿದರು. ಅನ್ನ, ತರಕಾರಿ, ಮೊಸರಿನ ಮೇಲೆ ಬೆಕ್ಕನ್ನು ಬೆಳೆಸಲು ಆಗದು. ಮನೆಯಲ್ಲಿ ಮಾಂಸ ತರುವುದಿಲ್ಲ ಎಂದಾದರೆ ಬೆಕ್ಕಿಗೆಂದೇ ತಯಾರಾದ, ಸಂಪೂರ್ಣ ಪೋಷಣೆ ಎಂದು ಬರೆದಿರುವ ಪ್ಯಾಕೆಟ್ ಆಹಾರ ಬಳಸಿ. ಅದನ್ನೂ ಒಪ್ಪಲಾಗದಿದ್ದರೆ ಬೆಕ್ಕಿನ ಬದಲು ಮೊಲ ಸಾಕುವುದು ಎರಡೂ ಕಡೆಗೆ ಒಳ್ಳೆಯದು. ನಾಯಿಯ ಆಹಾರ ಬೆಕ್ಕಿಗೆ ಸಾಲದು.

ಲಿಟರ್ ಬಾಕ್ಸ್ ಬಿಟ್ಟು ಬೇರೆ ಕಡೆ ಮಾಡುತ್ತಿದೆ. ಸೇಡಾ?

ಅಲ್ಲ. ಬೆಕ್ಕಿಗೆ ಸೇಡು ತೀರಿಸುವ ಯೋಚನೆ ಇಲ್ಲ. ಒಂದೋ ಬಾಕ್ಸ್ ಹಿಡಿಸಿಲ್ಲ, ಇಲ್ಲವೇ ಮೈಯಲ್ಲಿ ನೋವಿದೆ, ಇಲ್ಲವೇ ಭಯವಿದೆ. ಬಾಕ್ಸ್ ಬೆಕ್ಕಿನ ಉದ್ದದ ಒಂದೂವರೆಯಷ್ಟಾದರೂ ಇರಬೇಕು. ಅಂಗಡಿಯ ಎಷ್ಟೋ ಬಾಕ್ಸ್‌ಗಳು ಚಿಕ್ಕವೇ. ಅಗಲವಾದ ಪ್ಲಾಸ್ಟಿಕ್ ಟಬ್ ಚೆನ್ನಾಗಿ ಆಗುತ್ತದೆ. ಸುವಾಸನೆಯ ಲಿಟರ್ ನಮಗೆ ಹಿತ, ಬೆಕ್ಕಿಗೆ ಕಿರಿಕಿರಿ. ದಿನಕ್ಕೆ ಒಮ್ಮೆಯಾದರೂ ತೆಗೆಯಿರಿ. ಎರಡು ಬೆಕ್ಕಿದ್ದರೆ ಮೂರು ಬಾಕ್ಸ್, ಬೇರೆ ಬೇರೆ ಜಾಗಗಳಲ್ಲಿ. ಬೈಯುವುದು, ಮೂಗನ್ನು ಅಲ್ಲಿಗೆ ಒತ್ತುವುದು ಖಂಡಿತ ಬೇಡ.

ಇದೊಂದನ್ನು ಎಂದೂ ಮರೆಯಬೇಡಿ: ಗಂಡು ಬೆಕ್ಕು ಮತ್ತೆ ಮತ್ತೆ ಬಾಕ್ಸ್‌ಗೆ ಹೋಗಿ ತಿಣುಕುತ್ತಾ, ಒಂದೆರಡು ಹನಿ ಮಾತ್ರ ಬರುತ್ತಿದ್ದರೆ ಅದು ಮಲಬದ್ಧತೆ ಎಂದುಕೊಂಡು ಕೂರಬೇಡಿ. ಮೂತ್ರನಾಳ ಕಟ್ಟಿರಬಹುದು. ಒಂದೆರಡು ದಿನದಲ್ಲಿ ಪ್ರಾಣವೇ ಹೋಗುತ್ತದೆ. ಅದು ನಡುರಾತ್ರಿಯಾದರೂ ಸರಿ, ಆ ಕ್ಷಣವೇ ವೈದ್ಯರ ಹತ್ತಿರ ಓಡಿ.

ಮನೆಯಲ್ಲಿ ಆಗಲೇ ಒಂದು ಬೆಕ್ಕಿದೆ. ಪರಿಚಯ ಮಾಡಿಸುವುದು ಹೇಗೆ?

ಎದುರಾಬದುರು ಕೂರಿಸಿ ಅವೇ ನೋಡಿಕೊಳ್ಳಲಿ ಎಂದು ಬಿಡುವುದು ಅತಿ ಕೆಟ್ಟ ದಾರಿ. ಮೊದಲ ಜಗಳದ ನೆನಪು ಬಹಳ ಕಾಲ ಉಳಿಯುತ್ತದೆ. ಮೊದಲು ವಾಸನೆಯ ಪರಿಚಯ ಆಗಲಿ. ಒಂದು ಮಲಗಿದ ಬಟ್ಟೆಯನ್ನು ಇನ್ನೊಂದರ ಹತ್ತಿರ ಇಡಿ. ಮುಚ್ಚಿದ ಬಾಗಿಲಿನ ಎರಡೂ ಕಡೆ ಊಟ ಇಟ್ಟು, ದಿನದಿಂದ ದಿನಕ್ಕೆ ಬಟ್ಟಲನ್ನು ಬಾಗಿಲಿಗೆ ಹತ್ತಿರ ತನ್ನಿ. ಎರಡೂ ನೆಮ್ಮದಿಯಾಗಿ ತಿಂದರೆ ಬಾಗಿಲನ್ನು ಸಂದು ಬಿಟ್ಟೋ, ಜಾಲರಿಯ ಮೂಲಕವೋ ನೋಡಲು ಬಿಡಿ. ಆಮೇಲೆ ಸ್ವಲ್ಪ ಹೊತ್ತು ಒಟ್ಟಿಗೆ, ನೀವು ಎದುರಿಗಿದ್ದಾಗ ಮಾತ್ರ. ಬುಸುಗುಟ್ಟಿದರೆ ಒಂದು ಹೆಜ್ಜೆ ಹಿಂದೆ ಹೋಗಿ. ಕೆಲವು ವಾರ ಹಿಡಿಯುತ್ತದೆ, ತಿಂಗಳುಗಳೂ ಆಗಬಹುದು. ಕೊನೆಗೂ ಪ್ರಾಣಸ್ನೇಹಿತರಾಗಲೇಬೇಕೆಂದಿಲ್ಲ. ಒಂದೇ ಮನೆಯಲ್ಲಿ ನೆಮ್ಮದಿಯಾಗಿ ಇದ್ದರೆ ಸಾಕು.

ನಾಯಿ ಇದ್ದರೆ ಕ್ರಮ ಇದೇ. ಆದರೆ ನಾಯಿಗೆ ಬೆಲ್ಟ್ ಹಾಕಿ ಹಿಡಿದಿರಿ, ಬೆಕ್ಕಿಗೆ ಎತ್ತರಕ್ಕೆ ಹಾರಿ ಪಾರಾಗುವ ಜಾಗ ಇರಲಿ.

ಹೊರಗೆ ತಿರುಗಾಡಿ ಬಂದ ಬೆಕ್ಕು. ಮನೆಯೊಳಗೇ ಇಡುವುದು ಪಾಪ ಅಲ್ವಾ?

ವಾಹನ, ನಾಯಿ, ಜಗಳ, ವಿಷ, ಸೋಂಕು ಎಲ್ಲ ಹೊರಗಿವೆ. ಹೊರಗೆ ಹೋದ ಬೆಕ್ಕು ಹಕ್ಕಿಗಳನ್ನೂ ಕೊಲ್ಲುತ್ತದೆ. ಒಳಗೇ ಇಡಿ ಅನ್ನುವುದೇ ನನ್ನ ಸಲಹೆ, ಆದರೆ ಒಳಗೆ ಬೇಸರವಾಗದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ. ಕಿಟಕಿಯ ಪಕ್ಕ ಕೂರುವ ಹಲಗೆ, ಹತ್ತಿಳಿಯಲು ಜಾಗ, ದಿನಕ್ಕೆ ಎರಡು ಮೂರು ಸಲ ಹತ್ತು ನಿಮಿಷ ಬೇಟೆಯ ಆಟ. ಕೋಲಿಗೆ ಕಟ್ಟಿದ ಗರಿ ಆಡಿಸಿ, ಕೊನೆಗೆ ಹಿಡಿಯಲು ಬಿಟ್ಟು, ಆಮೇಲೆ ಊಟ ಕೊಡಿ. ರಾತ್ರಿ ಎಬ್ಬಿಸುವ ಬೆಕ್ಕಿಗೂ ಇದೇ ಮದ್ದು. ಆಟ ಮುಗಿದ ಮೇಲೆ ದಾರವನ್ನು ಎತ್ತಿಡಿ. ನುಂಗಿದ ದಾರ ಕರುಳನ್ನು ಕತ್ತರಿಸಬಲ್ಲದು.

ಸೋಫಾ ಪರಚಿ ಹಾಳು ಮಾಡುತ್ತಿದೆ. ಉಗುರು ತೆಗೆಸಬಹುದಾ?

ಬೇಡವೇ ಬೇಡ. ಅದು ಉಗುರು ಕತ್ತರಿಸುವುದಲ್ಲ, ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸುವುದು. ಹಲವು ದೇಶಗಳಲ್ಲಿ ನಿಷೇಧವಿದೆ. ಮೈ ಪೂರ್ತಿ ಚಾಚಿ ಕೆರೆಯುವಷ್ಟು ಎತ್ತರದ, ಅಲುಗಾಡದ, ಹಗ್ಗ ಸುತ್ತಿದ ಕಂಬವನ್ನು ಸೋಫಾದ ಪಕ್ಕದಲ್ಲೇ ನಿಲ್ಲಿಸಿ. ಮೂಲೆಯಲ್ಲಿ ಬಚ್ಚಿಟ್ಟರೆ ಬಳಸುವುದಿಲ್ಲ. ಎರಡು ಮೂರು ವಾರಕ್ಕೊಮ್ಮೆ ಉಗುರಿನ ಚೂಪು ತುದಿ ಮಾತ್ರ ಕತ್ತರಿಸಿ.

ಸಂತಾನಹರಣ ಶಸ್ತ್ರಚಿಕಿತ್ಸೆ ಬೇಕೇ ಬೇಕಾ? ಒಂದು ಸಲ ಮರಿ ಹಾಕಲಿ ಅನ್ನುತ್ತಾರೆ.

ಒಂದು ಸಲ ಮರಿ ಹಾಕುವುದರಿಂದ ಬೆಕ್ಕಿನ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭ ಸುಮಾರು 9 ವಾರ. ಮರಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗಬಲ್ಲದು. ಶೆಲ್ಟರ್‌ಗಳು ತುಂಬಿರುವುದು ಹೀಗೇ. ಐದು ತಿಂಗಳೊಳಗೆ ಮಾಡಿಸುವುದು ಒಳ್ಳೆಯದು. ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಸ್ತನ ಕ್ಯಾನ್ಸರ್ ಬರುವ ಸಂಭವ ತುಂಬಾ ಇಳಿಯುತ್ತದೆ. ಗಂಡು ಬೆಕ್ಕುಗಳಲ್ಲಿ ಜಗಳ, ಅಲೆದಾಟ, ಮೂತ್ರ ಸಿಂಪಡಿಸುವುದು ಕಡಿಮೆಯಾಗುತ್ತದೆ.

ಮನೆಯಲ್ಲಿ ಯಾವುದು ವಿಷ?

ಲಿಲಿ ಹೂವು. ದಳ, ಎಲೆ, ಪರಾಗ, ಹೂದಾನಿಯ ನೀರು ಎಲ್ಲವೂ ಮೂತ್ರಪಿಂಡವನ್ನು ಹಾಳುಮಾಡುತ್ತವೆ. ಮೈಗೆ ಅಂಟಿದ ಪರಾಗ ನೆಕ್ಕಿದರೂ ಸಾಕು. ಪ್ಯಾರಾಸಿಟಮಾಲ್ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು, ಜ್ವರ ಬಂದಿದೆ ಎಂದು ಮನುಷ್ಯರ ಔಷಧಿ ಕೊಡಬೇಡಿ. ನಾಯಿಗೆ ಹಚ್ಚುವ ಚಿಗಟದ ಔಷಧಿಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವುದುಂಟು, ಅದೂ ಮಾರಕ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಕೂಡ ಬೇಡ.

ಮನೆಯಲ್ಲಿ ಗರ್ಭಿಣಿ ಇದ್ದಾರೆ. ಬೆಕ್ಕನ್ನು ಬಿಟ್ಟುಬಿಡಬೇಕಾ?

ಬೇಕಿಲ್ಲ. ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ಭಯ ಸುಳ್ಳಲ್ಲ, ಆದರೆ ಅದು ಬೆಕ್ಕನ್ನು ಮುಟ್ಟುವುದರಿಂದ ಬರುವುದಿಲ್ಲ. ಸೋಂಕಿರುವ ಬೆಕ್ಕಿನ ಮಲದಲ್ಲಿ ಹೊರಬಿದ್ದ ಮೊಟ್ಟೆಗಳು ಸೋಂಕು ತರುವಷ್ಟು ಬಲಿಯಲು 1ರಿಂದ 5 ದಿನ ಬೇಕು. ಲಿಟರನ್ನು ದಿನವೂ ಬೇರೆ ಯಾರಾದರೂ ತೆಗೆಯಲಿ, ಬೆಕ್ಕಿಗೆ ಹಸಿ ಮಾಂಸ ಕೊಡಬೇಡಿ. ಸರಿಯಾಗಿ ಬೇಯದ ಮಾಂಸ, ತೊಳೆಯದ ತರಕಾರಿ, ತೋಟದ ಮಣ್ಣಿನಿಂದಲೂ ಇದು ಬರುತ್ತದೆ, ಅತ್ತ ಗಮನ ಕೊಡಿ.

ಅಲರ್ಜಿ ಇದ್ದರೆ?

ಅಲರ್ಜಿ ತರುವುದು ಕೂದಲಲ್ಲ. ಬೆಕ್ಕಿನ ಜೊಲ್ಲು ಮತ್ತು ಚರ್ಮದ ಗ್ರಂಥಿಗಳಿಂದ ಬರುವ ಪ್ರೋಟೀನ್. ಹಾಗಾಗಿ ಅಲರ್ಜಿಯೇ ತರದ ತಳಿ ಯಾವುದೂ ಇಲ್ಲ. ದತ್ತು ಪಡೆಯುವ ಮೊದಲೇ ಶೆಲ್ಟರ್‌ಗೆ ಕೆಲವು ಸಲ ಹೋಗಿ ಆ ಬೆಕ್ಕಿನ ಜೊತೆಯೇ ಹೊತ್ತು ಕಳೆದು ನೋಡಿ.

ಕಚ್ಚಿದರೆ ಏನು ಮಾಡಬೇಕು?

ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ, ವೈದ್ಯರಿಗೆ ತೋರಿಸಿ. ಬೆಕ್ಕಿನ ಹಲ್ಲು ಸೂಜಿಯಷ್ಟು ಸಣ್ಣ, ಗಾಯ ಮೇಲೆ ಕಾಣದೆ ಒಳಗೆ ಕೀವು ಕಟ್ಟುತ್ತದೆ. ರೇಬೀಸ್ ಲಸಿಕೆ ಬೇಕೇ ಎಂದು ಅವರೇ ಹೇಳುತ್ತಾರೆ.

ಹೊಂದಿಕೆಯೇ ಆಗದಿದ್ದರೆ ವಾಪಸ್ ಕೊಡಬಹುದಾ?

ಕೊಡಬಹುದು. ಬಹಳಷ್ಟು ಶೆಲ್ಟರ್‌ಗಳ ಕರಾರಿನಲ್ಲೇ ಬೆಕ್ಕನ್ನು ಅವರಿಗೇ ಮರಳಿಸಬೇಕು ಎಂದಿರುತ್ತದೆ. ಬೀದಿಗೆ ಬಿಡುವುದು, ಗುರುತಿಲ್ಲದವರಿಗೆ ಕೊಡುವುದು ಮಾತ್ರ ಬೇಡ. ಆದರೆ ಅದಕ್ಕೂ ಮುಂಚೆ ಒಮ್ಮೆ ಅವರಿಗೆ ಫೋನ್ ಮಾಡಿ ಏನಾಗುತ್ತಿದೆ ಎಂದು ಬಿಡಿಸಿ ಹೇಳಿ. ಬಾಕ್ಸ್ ಜಾಗ ಬದಲಿಸುವುದು, ನೋವಿಗೆ ಚಿಕಿತ್ಸೆ ಕೊಡಿಸುವುದು, ಮತ್ತೆ ಒಂದೇ ಕೋಣೆಯಿಂದ ಶುರು ಮಾಡುವುದು, ಇಷ್ಟರಲ್ಲೇ ಸರಿಹೋಗುವ ತೊಂದರೆಗಳು ಎಷ್ಟೋ ಇವೆ. ನಿಜಕ್ಕೂ ಆಗದಿದ್ದರೆ ಬೆಕ್ಕಿನ ಜೊತೆ ಅದರ ಲಸಿಕೆಯ ಚೀಟಿ, ತಿನ್ನುತ್ತಿದ್ದ ಆಹಾರ, ಮಲಗುತ್ತಿದ್ದ ಬಟ್ಟೆಯನ್ನೂ ಕಳಿಸಿ. ಮನೆಯಲ್ಲಿ ಅದು ಹೇಗಿತ್ತು, ಯಾವುದಕ್ಕೆ ಹೆದರಿತು, ಯಾವುದನ್ನು ಇಷ್ಟಪಟ್ಟಿತು ಎಂದು ಮರೆಮಾಚದೆ ಬರೆದುಕೊಡಿ. ಅದಕ್ಕೆ ಸರಿಹೊಂದುವ ಮುಂದಿನ ಮನೆಯನ್ನು ಹುಡುಕಲು ಅವರಿಗೆ ಆ ಮಾಹಿತಿ ಬೇಕಾಗುತ್ತದೆ.